ಬಿಸಿಲಿನ ಸವಾರಿಗೆ ಮುನ್ನ ಬೈಕಿನ ಕೂಲೆಂಟ್ ಬದಲಾವಣೆ: ಯಾವ ದ್ರವ, ಯಾವ ನೀರು, ಎಷ್ಟು ತೊಳೆಯಬೇಕು

ಬೇಸಿಗೆಯಲ್ಲಿ ದೂರದ ಸವಾರಿಗೆ ಹೊರಡುವವರು ಟೈರ್, ಬ್ರೇಕ್, ಚೈನ್ ಇವುಗಳನ್ನು ಗಮನವಿಟ್ಟು ಪರೀಕ್ಷಿಸುತ್ತಾರೆ. ಕೂಲೆಂಟ್ ವಿಷಯಕ್ಕೆ ಬಂದಾಗ ಮಾತ್ರ ರಿಸರ್ವ್ ಟ್ಯಾಂಕಿನ ಎರಡು ಗೆರೆಗಳ ನಡುವೆ ದ್ರವ ಕಂಡರೆ ಸಾಕೆಂದು ಮುಂದೆ ಹೋಗುತ್ತಾರೆ. ಆ ಗೆರೆಗಳು ದ್ರವದ ಪ್ರಮಾಣವನ್ನಷ್ಟೇ ಹೇಳುತ್ತವೆ. ದ್ರವದಲ್ಲಿ ತುಕ್ಕು ತಡೆಯುವ ರಾಸಾಯನಿಕಗಳು ಉಳಿದಿವೆಯೇ, ರೇಡಿಯೇಟರಿನ ಕಿರಿದಾದ ಕೊಳವೆಗಳಲ್ಲಿ ಪದರ ಕಟ್ಟಿದೆಯೇ, ವ್ಯವಸ್ಥೆ ತನ್ನ ಒತ್ತಡವನ್ನು ಹಿಡಿದಿಟ್ಟುಕೊಳ್ಳುತ್ತಿದೆಯೇ ಎಂಬುದು ಅವುಗಳಿಂದ ತಿಳಿಯುವುದಿಲ್ಲ. ಅಂಗಡಿಯಲ್ಲಿ ಕೂಲೆಂಟ್ ಕೊಳ್ಳಲು ನಿಂತವರ ಎದುರು ಹಸಿರು, ಕೆಂಪು, ನೀಲಿ ಬಣ್ಣದ ಹತ್ತಾರು ಡಬ್ಬಿಗಳಿರುತ್ತವೆ, ಮತ್ತು ಪ್ರತಿಯೊಂದೂ ತಾನೇ ಹೆಚ್ಚು ತಂಪು ಎಂದು ಹೇಳಿಕೊಳ್ಳುತ್ತದೆ. ಆ ಡಬ್ಬಿಗಳಲ್ಲಿ ಯಾವುದನ್ನು ಆರಿಸಬೇಕು, ಹಳೆಯ ದ್ರವವನ್ನು ಎಷ್ಟರಮಟ್ಟಿಗೆ ತೊಳೆದು ತೆಗೆಯಬೇಕು, ಯಾವ ನೀರು ಬಳಸಬೇಕು ಎಂಬ ಪ್ರಶ್ನೆಗಳನ್ನು ಬಿಸಿ ಹವೆಯ ಸವಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಹೋಲಿಸಿ ನೋಡಲಾಗಿದೆ.

ಬಿಸಿಲು ಎಂಜಿನ್ನಿಗೆ ಏನು ಮಾಡುತ್ತದೆ

ರೇಡಿಯೇಟರ್ ಹೊರಹಾಕುವ ಶಾಖವು ಅದರೊಳಗಿನ ದ್ರವಕ್ಕೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ದ್ರವ 95 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದು ಗಾಳಿ 25 ಡಿಗ್ರಿ ಇದ್ದರೆ ಅಂತರ 70 ಡಿಗ್ರಿ. ಗಾಳಿ 40 ಡಿಗ್ರಿಗೆ ಏರಿದಾಗ ಅದು 55ಕ್ಕೆ ಇಳಿಯುತ್ತದೆ. ಎಂದರೆ ಬೇರೇನೂ ಬದಲಾಗದೆಯೂ ರೇಡಿಯೇಟರಿನ ಸಾಮರ್ಥ್ಯದಲ್ಲಿ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತದೆ. ಹೆದ್ದಾರಿಯಲ್ಲಿ ವೇಗವಾಗಿ ಸಾಗುವಾಗ ರಭಸದಿಂದ ಬೀಸುವ ಗಾಳಿ ಈ ಕೊರತೆಯನ್ನು ತುಂಬಿಕೊಡುತ್ತದೆ. ವಾಹನಗಳ ದಟ್ಟಣೆಯಲ್ಲಿ ತೆವಳುವಾಗ, ಅಥವಾ ಕಡಿದಾದ ಏರಿನಲ್ಲಿ ಕೆಳಗಿನ ಗೇರಿನಲ್ಲಿ ನಿಧಾನವಾಗಿ ಹತ್ತುವಾಗ, ಫ್ಯಾನ್ ಎಳೆಯುವ ಗಾಳಿಯೊಂದೇ ಆಸರೆ. ಹೊಸ ಬೈಕಿನಲ್ಲಿ ಈ ಎಲ್ಲ ಸಂದರ್ಭಗಳಿಗೂ ಸಾಕಾಗುವಷ್ಟು ಸಾಮರ್ಥ್ಯವನ್ನು ತಯಾರಕರು ಮೊದಲೇ ಇಟ್ಟಿರುತ್ತಾರೆ. ಸವಕಲಾದ ಕೂಲೆಂಟ್, ಒಳಗೆ ಕಟ್ಟಿದ ಪದರ, ಹೊರಗೆ ರೆಕ್ಕೆಗಳ ನಡುವೆ ಸಿಕ್ಕಿಕೊಂಡ ಮಣ್ಣು ಮತ್ತು ಕೀಟಗಳು ಆ ಹೆಚ್ಚುವರಿ ಸಾಮರ್ಥ್ಯವನ್ನು ಸ್ವಲ್ಪ ಸ್ವಲ್ಪವಾಗಿ ಕಬಳಿಸುತ್ತವೆ, ಮತ್ತು ಅದರ ಪರಿಣಾಮ ಮೊದಲು ಕಾಣುವುದು ವರ್ಷದ ಅತಿ ಬಿಸಿಯ ದಿನದಂದೇ.

ದ್ರವದ ಹೋಲಿಕೆಗೆ ಮುನ್ನ ಮುಚ್ಚಳ

ಕೂಲೆಂಟ್ ಆಯ್ಕೆಯ ಚರ್ಚೆಯಲ್ಲಿ ಹೆಚ್ಚಿನವರು ಮರೆಯುವ ಭಾಗ ರೇಡಿಯೇಟರ್ ಕ್ಯಾಪ್, ಆದ್ದರಿಂದ ಅದನ್ನು ಮೊದಲೇ ಹೇಳಬೇಕು. ಬಹಳಷ್ಟು ಬೈಕುಗಳ ಕ್ಯಾಪ್ ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು 1.1 ಬಾರ್ ಹೆಚ್ಚಿನ ಒತ್ತಡವನ್ನು ಹಿಡಿದಿಟ್ಟುಕೊಳ್ಳುವಂತೆ ತಯಾರಾಗಿರುತ್ತದೆ. ಸಮುದ್ರಮಟ್ಟದಲ್ಲಿ ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯುವ ನೀರು ಈ ಒತ್ತಡದಲ್ಲಿ ಸುಮಾರು 120 ಡಿಗ್ರಿ ದಾಟುವವರೆಗೆ ಕುದಿಯುವುದಿಲ್ಲ. ಇದಕ್ಕೆ ಹೋಲಿಸಿದರೆ, ನೀರಿಗೆ ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ (ಸಾಮಾನ್ಯ ಕೂಲೆಂಟಿನ ಮೂಲ ದ್ರವ) ಬೆರೆಸುವುದರಿಂದ ತೆರೆದ ಪಾತ್ರೆಯಲ್ಲಿ ಕುದಿಯುವ ಉಷ್ಣತೆ ಏರುವುದು ಕೇವಲ 7 ಅಥವಾ 8 ಡಿಗ್ರಿ. ಕ್ಯಾಪಿನ ರಬ್ಬರ್ ಗಟ್ಟಿಯಾಗಿ ಬಿರುಕುಬಿಟ್ಟು ಒತ್ತಡ ಸೋರುತ್ತಿದ್ದರೆ ಕಳೆದುಕೊಳ್ಳುವುದು 20 ಡಿಗ್ರಿಗೂ ಹೆಚ್ಚು. ಎಷ್ಟೇ ದುಬಾರಿಯಾದ ಸಾಮಾನ್ಯ ಕೂಲೆಂಟ್ ಕೂಡ ಆ ನಷ್ಟವನ್ನು ತುಂಬಲಾರದು.

ಕ್ಯಾಪಿನಲ್ಲಿ ಎರಡು ಕವಾಟಗಳಿರುತ್ತವೆ. ದೊಡ್ಡದು ಒತ್ತಡ ಮಿತಿಮೀರಿದಾಗ ದ್ರವವನ್ನು ರಿಸರ್ವ್ ಟ್ಯಾಂಕಿಗೆ ಬಿಡುತ್ತದೆ. ನಡುವಿನ ಚಿಕ್ಕದು ಎಂಜಿನ್ ತಣಿಯುವಾಗ ಅದೇ ದ್ರವವನ್ನು ಮರಳಿ ಒಳಗೆ ಎಳೆದುಕೊಳ್ಳುತ್ತದೆ. ಈ ಚಿಕ್ಕ ಕವಾಟ ಕಟ್ಟಿಕೊಂಡರೆ ತಣಿದ ಮೇಲೆ ಹೋಸ್‌ಗಳು ಒಳಕ್ಕೆ ಕುಗ್ಗಿರುತ್ತವೆ, ರಿಸರ್ವ್ ಟ್ಯಾಂಕ್ ತುಂಬಿಯೇ ಇರುತ್ತದೆ, ರೇಡಿಯೇಟರಿನಲ್ಲಿ ಮಾತ್ರ ಮಟ್ಟ ಇಳಿದಿರುತ್ತದೆ. ಗೆರೆ ನೋಡಿ ಸಮಾಧಾನಪಟ್ಟುಕೊಂಡವರು ಮೋಸಹೋಗುವುದು ಇಂಥಲ್ಲೇ. ಕೂಲೆಂಟ್ ಬದಲಾಯಿಸುವಾಗಲೆಲ್ಲ ಕ್ಯಾಪಿನ ರಬ್ಬರನ್ನು ನೋಡಬೇಕು, ಸಂಶಯವಿದ್ದರೆ ಅದೇ ಒತ್ತಡದ ಹೊಸ ಕ್ಯಾಪ್ ಹಾಕಬೇಕು. ಹೆಚ್ಚು ಒತ್ತಡದ ಕ್ಯಾಪ್ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಹಳೆಯ ಹೋಸ್ ಮತ್ತು ರೇಡಿಯೇಟರಿನ ಬೆಸುಗೆ ಆ ಒತ್ತಡವನ್ನು ತಾಳುತ್ತವೆ ಎಂಬ ಭರವಸೆ ಇಲ್ಲದಿರುವುದರಿಂದ ತಯಾರಕರು ಹೇಳಿದ ಅಂಕಿಯನ್ನು ಮೀರದಿರುವುದೇ ಸರಿ.

ಎಷ್ಟು ತೊಳೆಯಬೇಕು

ಹಳೆಯ ಕೂಲೆಂಟ್ ತೆಗೆಯಲು ಮೂರು ದಾರಿಗಳಿವೆ: ಬರೀ ಬಸಿದು ಹೊಸದನ್ನು ತುಂಬುವುದು, ಬಸಿದ ನಂತರ ಶುದ್ಧ ನೀರಿನಿಂದ ಒಂದೆರಡು ಬಾರಿ ತೊಳೆಯುವುದು, ಮತ್ತು ಕ್ಲೀನರ್ ದ್ರಾವಣ ಬಳಸಿ ತೊಳೆಯುವುದು. ಇವುಗಳಲ್ಲಿ ಒಂದನ್ನು ಆರಿಸಲು ಒಂದು ಸಣ್ಣ ಲೆಕ್ಕ ನೆರವಾಗುತ್ತದೆ. ಡ್ರೈನ್ ಬೋಲ್ಟ್ ತೆಗೆದಾಗ ಎಲ್ಲ ದ್ರವವೂ ಹೊರಬರುವುದಿಲ್ಲ. ಸಿಲಿಂಡರ್ ಸುತ್ತಲಿನ ಜಾಕೆಟ್, ಥರ್ಮೋಸ್ಟಾಟಿನ (ದ್ರವ ಬಿಸಿಯಾದಾಗ ತೆರೆದು ಅದನ್ನು ರೇಡಿಯೇಟರಿಗೆ ಹರಿಯಬಿಡುವ ಕವಾಟ) ಹಿಂಭಾಗ, ಹೋಸ್‌ಗಳ ಬಾಗುಗಳಲ್ಲಿ ಒಂದಿಷ್ಟು ಉಳಿಯುತ್ತದೆ. ಒಟ್ಟು 2 ಲೀಟರ್ ಹಿಡಿಯುವ ವ್ಯವಸ್ಥೆಯಲ್ಲಿ 400 ಮಿಲಿಲೀಟರ್ ಉಳಿಯುತ್ತದೆ ಎಂದು ಇಟ್ಟುಕೊಳ್ಳೋಣ. ಬರೀ ಬಸಿದು ತುಂಬಿದರೆ ಹೊಸದರೊಂದಿಗೆ ಶೇಕಡ 20ರಷ್ಟು ಹಳೆಯದು ಬೆರೆತಿರುತ್ತದೆ. ನಡುವೆ ಒಮ್ಮೆ ನೀರು ತುಂಬಿ ಎಂಜಿನ್ ಬಿಸಿಮಾಡಿ ಬಸಿದರೆ ಹಳೆಯದರ ಪಾಲು ಶೇಕಡ 4ಕ್ಕೆ ಇಳಿಯುತ್ತದೆ, ಎರಡು ಬಾರಿ ಹಾಗೆ ಮಾಡಿದರೆ ಶೇಕಡ 1ಕ್ಕಿಂತ ಕಡಿಮೆಯಾಗುತ್ತದೆ. ಬೈಕಿನಿಂದ ಬೈಕಿಗೆ ಅಂಕಿ ಬದಲಾದರೂ ಲೆಕ್ಕದ ರೀತಿ ಇದೇ.

ಮೊದಲಿನಿಂದಲೂ ಒಂದೇ ಬಗೆಯ ಕೂಲೆಂಟ್ ಬಳಸುತ್ತಿದ್ದು, ಬದಲಾವಣೆಯ ಅವಧಿಯನ್ನು ಪಾಲಿಸುತ್ತ ಬಂದು, ಹೊರಬಂದ ದ್ರವ ತಿಳಿಯಾಗಿದ್ದು ತನ್ನ ಬಣ್ಣವನ್ನು ಉಳಿಸಿಕೊಂಡಿದ್ದರೆ ಬರೀ ಬಸಿದು ತುಂಬುವುದರಲ್ಲಿ ತಪ್ಪೇನೂ ಇಲ್ಲ. ಬೈಕನ್ನು ಇನ್ನೊಬ್ಬರಿಂದ ಕೊಂಡಿದ್ದರೆ, ಒಳಗೆ ಯಾವ ದ್ರವವಿದೆ ಎಂಬುದು ಗೊತ್ತಿಲ್ಲದಿದ್ದರೆ, ಅಥವಾ ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದರೆ ಎರಡು ಬಾರಿಯಾದರೂ ನೀರಿನಿಂದ ತೊಳೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಲ್ಲಿ ತಪ್ಪಿಸಿಕೊಳ್ಳುವ ಒಂದು ಹಂತವಿದೆ: ನೀರು ತುಂಬಿದ ಮೇಲೆ ಥರ್ಮೋಸ್ಟಾಟ್ ತೆರೆಯುವವರೆಗೆ ಎಂಜಿನ್ ಓಡಿಸಬೇಕು. ಅನೇಕ ಬೈಕುಗಳಲ್ಲಿ ಅದು ತೆರೆಯಲು ಆರಂಭಿಸುವುದು ಸುಮಾರು 80 ಡಿಗ್ರಿಯ ಆಸುಪಾಸಿನಲ್ಲಿ. ಅದಕ್ಕೂ ಮೊದಲೇ ಎಂಜಿನ್ ನಿಲ್ಲಿಸಿದರೆ ರೇಡಿಯೇಟರ್ ಭಾಗ ಮಾತ್ರ ತೊಳೆದಂತಾಗಿ ಎಂಜಿನ್ ಒಳಗಿನ ಹಳೆಯ ದ್ರವ ಅಲ್ಲಿಯೇ ಉಳಿಯುತ್ತದೆ.

ಕ್ಲೀನರ್ ಬೇಕಾಗುವುದು ಕಣ್ಣಿಗೆ ಕಾಣುವ ಕಾರಣವಿದ್ದಾಗ ಮಾತ್ರ: ಹೊರಬಂದ ದ್ರವದಲ್ಲಿ ತುಕ್ಕಿನ ಬಣ್ಣ, ತಳದಲ್ಲಿ ಕೆಸರು, ರೇಡಿಯೇಟರ್ ಬಾಯಿಯಲ್ಲಿ ಇಣುಕಿದಾಗ ಕಾಣುವ ಬಿಳಿಯ ಗಡಸು ಪದರ. ಅಂಥ ಕ್ಲೀನರ್‌ಗಳಲ್ಲಿ ಹಲವು ಸಿಟ್ರಿಕ್ ಆಮ್ಲದಂಥ ಸೌಮ್ಯ ಆಮ್ಲಗಳನ್ನು ಆಧರಿಸಿರುತ್ತವೆ. ಬೈಕಿನ ರೇಡಿಯೇಟರ್ ಮತ್ತು ಎಂಜಿನ್ ಎರಡೂ ಬಹುಮಟ್ಟಿಗೆ ಅಲ್ಯುಮಿನಿಯಂ ಆದ್ದರಿಂದ ಡಬ್ಬಿಯ ಮೇಲೆ ಅಲ್ಯುಮಿನಿಯಂಗೆ ಸುರಕ್ಷಿತ ಎಂಬ ಮಾತು ಇರಲೇಬೇಕು, ಹೇಳಿದ ಸಮಯವನ್ನು ಮೀರಬಾರದು, ಮತ್ತು ನಂತರ ನೀರಿನಿಂದ ಧಾರಾಳವಾಗಿ ತೊಳೆಯಬೇಕು. ಉಳಿದ ಆಮ್ಲವು ಹೊಸ ಕೂಲೆಂಟಿನ ರಕ್ಷಕ ರಾಸಾಯನಿಕಗಳನ್ನು ಮೊದಲ ದಿನದಿಂದಲೇ ತಿನ್ನತೊಡಗುತ್ತದೆ. ಬಟ್ಟೆ ಸೋಡಾ, ಪಾತ್ರೆ ತೊಳೆಯುವ ಸಾಬೂನು, ವಿನೆಗರ್ ಇವುಗಳನ್ನು ಸುರಿಯುವ ಸಲಹೆಗಳನ್ನು ದಯವಿಟ್ಟು ಪಾಲಿಸಬೇಡಿ. ಸೋಡಾದ ಕ್ಷಾರ ಅಲ್ಯುಮಿನಿಯಂ ಅನ್ನು ನೇರವಾಗಿ ಕೊರೆಯುತ್ತದೆ, ಸಾಬೂನಿನ ನೊರೆ ಪಂಪಿನಲ್ಲಿ ಗಾಳಿಯನ್ನು ಸಿಕ್ಕಿಸುತ್ತದೆ, ವಿನೆಗರಿನ ಆಮ್ಲವನ್ನು ಎಷ್ಟು ಹೊತ್ತು, ಎಷ್ಟು ಸಾಂದ್ರವಾಗಿ ಬಿಡಬಹುದು ಎಂದು ಹೇಳುವ ಡಬ್ಬಿಯೇ ಇರುವುದಿಲ್ಲ.

ಹೊರಬಂದ ದ್ರವ ಹಾಲು ಬೆರೆಸಿದಂತೆ ಕಂದಾಗಿದ್ದು ಜಿಡ್ಡಿದ್ದರೆ ತೊಳೆಯುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ಎಂಜಿನ್ ಆಯಿಲ್ ಕೂಲೆಂಟಿಗೆ ಸೇರುತ್ತಿದೆ ಎಂಬುದಕ್ಕೆ ಅದು ಸೂಚನೆ. ಹೆಡ್ ಗ್ಯಾಸ್ಕೆಟ್ ಅಥವಾ ವಾಟರ್ ಪಂಪಿನ ಸೀಲ್ ಸರಿಪಡಿಸದೆ ಯಾವ ಕೂಲೆಂಟ್ ತುಂಬಿದರೂ ವ್ಯರ್ಥ.

ನಲ್ಲಿ ನೀರು, ಶೋಧಿಸಿದ ನೀರು, ಬಟ್ಟಿ ಇಳಿಸಿದ ನೀರು

ಇಲ್ಲಿ ಆಯ್ಕೆ ಸುಲಭ. ನಲ್ಲಿ ಮತ್ತು ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ, ಮತ್ತು ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರವೇ ಸಿಲಿಂಡರ್ ಹೆಡ್ಡಿನ ಅತಿ ಬಿಸಿಯ ಜಾಗದಲ್ಲೂ ಕಟ್ಟುತ್ತದೆ. ಆ ಪದರ ಶಾಖವನ್ನು ಲೋಹದಿಂದ ದ್ರವಕ್ಕೆ ದಾಟಲು ಬಿಡುವುದಿಲ್ಲ. ನೀರಿನಲ್ಲಿರುವ ಕ್ಲೋರೈಡ್ ಅಲ್ಯುಮಿನಿಯಂನಲ್ಲಿ ಸೂಜಿಮೊನೆಯಂಥ ತೂತುಗಳನ್ನು ಕೊರೆಯುತ್ತದೆ. ಮನೆಯ ಆರ್‌ಓ ಯಂತ್ರದ ನೀರಿನಲ್ಲಿ ಲವಣಗಳು ಕಡಿಮೆ ಇರುತ್ತವೆಯಾದರೂ ಸಂಪೂರ್ಣವಾಗಿ ಹೋಗಿರುವುದಿಲ್ಲ, ಮತ್ತು ಕೆಲವು ಯಂತ್ರಗಳು ರುಚಿಗಾಗಿ ಖನಿಜಗಳನ್ನು ಮತ್ತೆ ಸೇರಿಸುತ್ತವೆ. ಬಟ್ಟಿ ಇಳಿಸಿದ ನೀರು ಅಥವಾ ಬ್ಯಾಟರಿಗೆಂದು ಮಾರುವ ಖನಿಜಮುಕ್ತ ನೀರೇ ಸರಿಯಾದದ್ದು. ಬ್ಯಾಟರಿ ಆಸಿಡ್ ಎಂದು ಬರೆದ ಬಾಟಲಿಯನ್ನು ತಪ್ಪಿಯೂ ತೆಗೆದುಕೊಳ್ಳಬಾರದು. ಮೊದಲ ಸುತ್ತಿನ ತೊಳೆಯುವಿಕೆಗೆ ಬೇರೆ ನೀರು ಬಳಸಿದರೂ ಕೊನೆಯ ಸುತ್ತು ಬಟ್ಟಿ ಇಳಿಸಿದ ನೀರಿನದ್ದೇ ಆಗಿರಬೇಕು, ಏಕೆಂದರೆ ಬಸಿಯದೆ ಉಳಿಯುವುದು ಆ ಕೊನೆಯ ಸುತ್ತಿನ ನೀರೇ.

ಸಿದ್ಧ ಮಿಶ್ರಣವೋ ಸಾಂದ್ರ ದ್ರವವೋ

ಉಳಿಯುವ ಆ ನೀರು ಇನ್ನೊಂದು ಆಯ್ಕೆಯನ್ನೂ ನಿರ್ಧರಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ತೊಳೆದ ನಂತರ ಒಳಗೆ 400 ಮಿಲಿಲೀಟರ್ ನೀರಿದೆ. ಅದರ ಮೇಲೆ ಅರ್ಧಕ್ಕರ್ಧದ ಸಿದ್ಧ ಮಿಶ್ರಣವನ್ನು 1.6 ಲೀಟರ್ ತುಂಬಿದರೆ ನಿಜವಾಗಿ ಸಿಗುವುದು ಶೇಕಡ 40ರ ಮಿಶ್ರಣ. ಸಿದ್ಧ ಮಿಶ್ರಣವೇ ಶೇಕಡ 35ರಷ್ಟು ತೆಳುವಾಗಿದ್ದರೆ ಅದು ಶೇಕಡ 28ಕ್ಕೆ ಇಳಿಯುತ್ತದೆ, ಮತ್ತು ತುಕ್ಕು ತಡೆಯುವ ರಾಸಾಯನಿಕಗಳು ಸಾಲದೆ ಹೋಗುವ ಅಪಾಯ ಅಲ್ಲಿಂದ ಆರಂಭವಾಗುತ್ತದೆ. ಸಾಂದ್ರ ದ್ರವ ಕೈಯಲ್ಲಿದ್ದರೆ ಒಂದು ಲೀಟರ್ ಸಾಂದ್ರವನ್ನೂ 600 ಮಿಲಿಲೀಟರ್ ಬಟ್ಟಿ ಇಳಿಸಿದ ನೀರನ್ನೂ ಹಾಕಿ ಅಳತೆಯನ್ನು ಅರ್ಧಕ್ಕರ್ಧಕ್ಕೆ ಸರಿಯಾಗಿ ತರಬಹುದು.

ಹೀಗಾಗಿ ಬರೀ ಬಸಿದು ತುಂಬುವವರಿಗೆ ಸಿದ್ಧ ಮಿಶ್ರಣ, ನೀರಿನಿಂದ ತೊಳೆಯುವವರಿಗೆ ಸಾಂದ್ರ ದ್ರವ ಹೊಂದುತ್ತದೆ. ಸವಾರಿಯಲ್ಲಿ ಜೊತೆಗೆ ಒಯ್ಯಲು ಸಿದ್ಧ ಮಿಶ್ರಣದ ಚಿಕ್ಕ ಬಾಟಲಿಯೇ ಅನುಕೂಲ.

ಗ್ಲೈಕಾಲ್ ಹೆಚ್ಚಾದಷ್ಟೂ ತಂಪು ಎಂಬ ತಿಳಿವಳಿಕೆಯನ್ನು ಇಲ್ಲಿಯೇ ತಿದ್ದಬೇಕು. ಒಂದು ಕಿಲೋಗ್ರಾಂ ನೀರಿನ ಉಷ್ಣತೆ ಒಂದು ಡಿಗ್ರಿ ಏರಲು ಸುಮಾರು 4.2 ಕಿಲೋಜೂಲ್ ಶಾಖ ಬೇಕು. ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ ಮಿಶ್ರಣಕ್ಕೆ ಸುಮಾರು 3.5 ಸಾಕು. ಶಾಖವನ್ನು ಹೊತ್ತೊಯ್ಯುವ ವಿಷಯದಲ್ಲಿ ನೀರಿಗೆ ಸಾಟಿಯಾದ ದ್ರವ ಕೂಲೆಂಟ್ ಅಂಗಡಿಯಲ್ಲಿಲ್ಲ, ಗ್ಲೈಕಾಲ್ ಸೇರಿದಷ್ಟೂ ಆ ಶಕ್ತಿ ಕುಗ್ಗುತ್ತದೆ ಮತ್ತು ದ್ರವ ದಪ್ಪವಾಗುತ್ತದೆ. ಗ್ಲೈಕಾಲ್ ಕೊಡುವುದು ಬೇರೆ ಲಾಭ: ಕುದಿಯುವ ಉಷ್ಣತೆ ಸ್ವಲ್ಪ ಏರುತ್ತದೆ, ಹೆಪ್ಪುಗಟ್ಟುವ ಉಷ್ಣತೆ ಬಹಳ ಇಳಿಯುತ್ತದೆ. ಅರ್ಧಕ್ಕರ್ಧದ ಮಿಶ್ರಣ ಸುಮಾರು ಸೊನ್ನೆಗಿಂತ 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟುವುದಿಲ್ಲ. ಇಷ್ಟು ಚಳಿಯನ್ನು ಎಂದೂ ಕಾಣದ ಬೈಕಿಗೆ ತಯಾರಕರ ಕೈಪಿಡಿ ಅನುಮತಿಸುವ ಕನಿಷ್ಠ ಪ್ರಮಾಣದ ಕಡೆಗೆ ವಾಲುವುದು ಜಾಣತನ. ಶೇಕಡ 40ರ ಆಸುಪಾಸು ಬಿಸಿ ಹವೆಗೆ ಒಳ್ಳೆಯ ನೆಲೆ, ಶೇಕಡ 50 ಸುರಕ್ಷಿತ ಮತ್ತು ಎಲ್ಲೆಡೆ ಒಪ್ಪಿತ, ಶೇಕಡ 60 ದಾಟುವುದು ಬಿಸಿಲಿನಲ್ಲಿ ಹಾನಿಯೇ. ಸಾಂದ್ರ ದ್ರವವನ್ನು ನೀರು ಬೆರೆಸದೆ ಹಾಗೆಯೇ ಸುರಿದರೆ ಎಂಜಿನ್ ತಣ್ಣಗಾಗುವ ಬದಲು ಹೆಚ್ಚು ಬಿಸಿಯಾಗಿ ಓಡುತ್ತದೆ.

ತುಕ್ಕು ತಡೆಯುವ ರಾಸಾಯನಿಕಗಳ ಕುಲ

ಡಬ್ಬಿಯೊಳಗೆ ಬೆಲೆಬಾಳುವ ಭಾಗ ಗ್ಲೈಕಾಲ್ ಎಂದು ತೋರುತ್ತದೆಯಾದರೂ ಒಂದು ಕೂಲೆಂಟಿಗೂ ಇನ್ನೊಂದಕ್ಕೂ ನಿಜವಾದ ಭೇದವಿರುವುದು ಅದರಲ್ಲಿ ಕರಗಿರುವ ಸ್ವಲ್ಪ ಪ್ರಮಾಣದ ರಕ್ಷಕ ರಾಸಾಯನಿಕಗಳಲ್ಲಿ. ಹಳೆಯ ಕುಲವನ್ನು ಐಎಟಿ ಎನ್ನುತ್ತಾರೆ. ಸಿಲಿಕೇಟ್, ಫಾಸ್ಫೇಟ್, ಬೋರೇಟ್‌ಗಳಂಥ ಅಜೈವಿಕ ಲವಣಗಳು ಲೋಹದ ಮೈಮೇಲೆಲ್ಲ ಬೇಗನೆ ತೆಳುವಾದ ಹೊದಿಕೆ ಹರಡುತ್ತವೆ, ಹಾಗೆ ಹರಡುತ್ತಲೇ ಬೇಗ ಖರ್ಚಾಗುತ್ತವೆ. ಎರಡು ವರ್ಷಕ್ಕೆ ಬದಲಾಯಿಸಬೇಕು ಎಂಬ ಹಳೆಯ ನಿಯಮ ಇವುಗಳಿಂದ ಬಂದದ್ದು. ಎರಡನೆಯದು ಓಎಟಿ. ಇದರಲ್ಲಿನ ಸಾವಯವ ಆಮ್ಲಗಳ ಲವಣಗಳು ತುಕ್ಕು ಆರಂಭವಾಗುವ ಜಾಗದಲ್ಲಿ ಮಾತ್ರ ಕೆಲಸ ಮಾಡುವುದರಿಂದ ನಿಧಾನವಾಗಿ ಸವೆಯುತ್ತವೆ, ಮತ್ತು ಇಂಥ ಅನೇಕ ಕೂಲೆಂಟ್‌ಗಳಿಗೆ ಐದು ವರ್ಷದ ಆಯುಷ್ಯ ಹೇಳಲಾಗುತ್ತದೆ. ಮೂರನೆಯದು ಇವೆರಡನ್ನೂ ಬೆರೆಸಿದ ಹೈಬ್ರಿಡ್ ಕುಲ, ಹೆಚ್‌ಓಎಟಿ.

ಜಪಾನಿನ ಬೈಕ್ ತಯಾರಕರು ಸಾಮಾನ್ಯವಾಗಿ ಸಿಲಿಕೇಟ್ ಇಲ್ಲದ ಕೂಲೆಂಟ್ ಬೇಕೆನ್ನುತ್ತಾರೆ, ಏಕೆಂದರೆ ಸಿಲಿಕೇಟ್ ಕಣಗಳು ವಾಟರ್ ಪಂಪಿನ ಸೀಲನ್ನು ಉಜ್ಜಿ ಸವೆಸುತ್ತವೆ ಎಂಬುದು ಅವರ ಕಾಳಜಿ. ಯುರೋಪಿನ ತಯಾರಕರು ಅಲ್ಲಿನ ಗಡಸು ನೀರಿನಲ್ಲಿ ಫಾಸ್ಫೇಟ್ ಪದರ ಕಟ್ಟುತ್ತದೆ ಎಂಬ ಕಾರಣಕ್ಕೆ ಫಾಸ್ಫೇಟ್ ಇಲ್ಲದವನ್ನು ಇಷ್ಟಪಡುತ್ತ ಬಂದಿದ್ದಾರೆ. ಕೈಪಿಡಿಯಲ್ಲಿ ನಿಮ್ಮ ಬೈಕಿಗೆ ಹೇಳಿರುವ ಗುಣವಿವರವನ್ನು ಓದಿ ಡಬ್ಬಿಯ ಹಿಂಬದಿಯ ಅಕ್ಷರಗಳೊಂದಿಗೆ ಹೋಲಿಸುವುದೊಂದೇ ನಂಬಬಹುದಾದ ದಾರಿ. ಬಣ್ಣವನ್ನು ನಂಬಬೇಡಿ. ಬಣ್ಣಕ್ಕೆ ಯಾವ ಸರ್ವಸಮ್ಮತ ನಿಯಮವೂ ಇಲ್ಲ. ಒಂದು ಕಂಪನಿಯ ಹಸಿರು ಐಎಟಿ ಆಗಿದ್ದರೆ ಇನ್ನೊಂದರ ಹಸಿರು ಓಎಟಿ ಆಗಿರಬಹುದು. ಎರಡು ಕುಲಗಳು ಬೆರೆತಾಗ ಎಲ್ಲ ಸಲವೂ ಅನಾಹುತವಾಗುವುದಿಲ್ಲ, ಆದರೆ ದೀರ್ಘಾಯುಷ್ಯದ ಲಾಭ ಹೋಗುತ್ತದೆ, ಮತ್ತು ಕೆಲವು ಜೋಡಿಗಳಲ್ಲಿ ಲೋಳೆಯಂಥ ಗಸಿ ಉಂಟಾಗಿ ಕಿರಿದಾದ ಕೊಳವೆಗಳನ್ನು ಮುಚ್ಚುತ್ತದೆ.

ಕಾರಿನ ಕೂಲೆಂಟ್ ಬೈಕಿಗೆ ಬಳಸಬಹುದೇ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಗುಣವಿವರ ಹೊಂದಿದರೆ ಬಳಸಬಹುದು. ಅಲ್ಯುಮಿನಿಯಂ ಎಂಜಿನ್ನಿಗೆ ತಯಾರಾದ, ಕೈಪಿಡಿ ಕೇಳಿದರೆ ಸಿಲಿಕೇಟ್ ಇಲ್ಲದ ಕಾರಿನ ಕೂಲೆಂಟ್ ಬೈಕಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಭಾರಿ ಡೀಸೆಲ್ ಎಂಜಿನ್ನುಗಳಿಗೆಂದು ಮಾಡಿದವುಗಳನ್ನು ದೂರವಿಡಿ. ಬೈಕಿನಲ್ಲಿ ಮೆಗ್ನೀಸಿಯಂ ಕವರ್‌ಗಳಿದ್ದರೆ ಮಾತ್ರ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಎಲ್ಲ ಕೂಲೆಂಟ್‌ಗಳೂ ಆ ಲೋಹವನ್ನು ಕಾಯುವುದಿಲ್ಲ.

ಎಥಿಲೀನ್, ಪ್ರೊಪಿಲೀನ್

ಎಥಿಲೀನ್ ಗ್ಲೈಕಾಲ್ ತೆಳುವಾಗಿ ಹರಿಯುತ್ತದೆ ಮತ್ತು ಶಾಖವನ್ನು ಸ್ವಲ್ಪ ಚೆನ್ನಾಗಿ ಸಾಗಿಸುತ್ತದೆ. ಪ್ರೊಪಿಲೀನ್ ಗ್ಲೈಕಾಲ್ ದಪ್ಪ, ಆದರೆ ವಿಷತ್ವ ಬಹಳ ಕಡಿಮೆ. ಬಿಸಿಲಿನ ಸವಾರಿಯಲ್ಲಿ ಇವೆರಡರ ನಡುವಣ ಭೇದ ಸಾಮಾನ್ಯ ಸವಾರನ ಅನುಭವಕ್ಕೆ ಬರುವಷ್ಟು ದೊಡ್ಡದಲ್ಲ. ಮನೆಯಲ್ಲಿ ಮಕ್ಕಳು, ನಾಯಿ, ಬೆಕ್ಕು ಇದ್ದು ಬೈಕಿನ ಕೆಲಸವನ್ನು ಅಲ್ಲಿಯೇ ಮಾಡುವವರಿಗೆ ಭೇದ ದೊಡ್ಡದು: ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು ಪ್ರಾಣಿಗಳು ನೆಕ್ಕುತ್ತವೆ, ಮತ್ತು ದೇಹದೊಳಗೆ ಅದು ಆಕ್ಸಲೇಟ್ ಹರಳುಗಳಾಗಿ ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಚಿಕ್ಕ ನಾಯಿ ಅಥವಾ ಬೆಕ್ಕಿನ ಪ್ರಾಣ ತೆಗೆಯಲು ಬಹಳ ಸ್ವಲ್ಪವೇ ಸಾಕು. ಅಂಥ ಮನೆಯವರು ಕೈಪಿಡಿ ಒಪ್ಪಿದರೆ ಪ್ರೊಪಿಲೀನ್ ಆಧಾರಿತ ದ್ರವವನ್ನೇ ಆರಿಸಲಿ ಎನ್ನುತ್ತೇನೆ. ಸಾಂದ್ರತೆ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಅಳತೆಪಟ್ಟಿ ಇರುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು.

ನೀರಿಲ್ಲದ ಕೂಲೆಂಟ್, ಬರೀ ನೀರು

ಎರಡು ತುದಿಯ ಆಯ್ಕೆಗಳಿವೆ. ಒಂದು ತುದಿಯಲ್ಲಿ ನೀರೇ ಇಲ್ಲದ ಕೂಲೆಂಟ್. ಇವಾನ್ಸ್ ಕಂಪನಿಯದ್ದು ಇವುಗಳಲ್ಲಿ ಹೆಸರಾದದ್ದು. ಇದು ಒತ್ತಡವಿಲ್ಲದೆಯೂ ಸುಮಾರು 180 ಡಿಗ್ರಿಯವರೆಗೆ ಕುದಿಯುವುದಿಲ್ಲ, ಆದ್ದರಿಂದ ಸಿಲಿಂಡರ್ ಹೆಡ್ಡಿನ ಅತಿ ಬಿಸಿಯ ಜಾಗದಲ್ಲಿ ಆವಿಯ ಗುಳ್ಳೆ ಕಟ್ಟುವುದಿಲ್ಲ, ಹೋಸ್‌ಗಳ ಮೇಲೆ ಒತ್ತಡ ಕಡಿಮೆ, ನೀರಿಲ್ಲದ್ದರಿಂದ ತುಕ್ಕೂ ಕಡಿಮೆ. ಈ ಗುಣಗಳು ನಿಜವೇ. ಕುದಿಯದಿರುವುದು ಬೇರೆ, ತಂಪಾಗಿರುವುದು ಬೇರೆ. ಈ ದ್ರವ ನೀರಿನ ಮಿಶ್ರಣಕ್ಕಿಂತ ಕಡಿಮೆ ಶಾಖವನ್ನು ಹೊರುತ್ತದೆ, ದಪ್ಪವಾಗಿ ಹರಿಯುತ್ತದೆ, ಆದ್ದರಿಂದ ಅದೇ ಬೈಕು ಅದೇ ದಾರಿಯಲ್ಲಿ ಮೊದಲಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಓಡುತ್ತದೆ, ಮತ್ತು ದ್ರವ ಕುದಿಯದಿದ್ದರೂ ಎಂಜಿನ್ ಆಯಿಲ್ ಮತ್ತು ಲೋಹದ ಬಿಸಿ ಏರಿರುತ್ತದೆ. ಹಾಕುವ ಮೊದಲು ವ್ಯವಸ್ಥೆಯಲ್ಲಿ ಹನಿ ನೀರೂ ಉಳಿಯದಂತೆ ಅದಕ್ಕೆಂದೇ ಇರುವ ದ್ರವದಿಂದ ತೊಳೆಯಬೇಕು, ಮತ್ತು ದಾರಿಯಲ್ಲಿ ಹೋಸ್ ಸೋರಿದರೆ ನೀರು ಹಾಕಿ ಊರು ಸೇರುವ ಅವಕಾಶ ಉಳಿಯುವುದಿಲ್ಲ. ನೀರು ಹಾಕಿದರೆ ಈ ದ್ರವಕ್ಕೆ ಮಾಡಿದ ಇಡೀ ಖರ್ಚು ವ್ಯರ್ಥವಾಗುತ್ತದೆ. ದೂರ ಪ್ರಯಾಣದ ಸವಾರನಿಗೆ ಈ ಕೊನೆಯ ಕಾರಣವೊಂದೇ ಇದನ್ನು ಬಿಡಲು ಸಾಕು ಎಂಬುದು ನನ್ನ ಎಣಿಕೆ.

ಇನ್ನೊಂದು ತುದಿಯಲ್ಲಿ ಬಟ್ಟಿ ಇಳಿಸಿದ ನೀರು ಮತ್ತು ರೆಡ್ ಲೈನ್ ಕಂಪನಿಯ ವಾಟರ್ ವೆಟರ್‌ನಂಥ, ನೀರಿಗೆ ಬೆರೆಸುವ ಸಹಾಯಕ ದ್ರವ. ರೇಸ್ ಟ್ರ್ಯಾಕ್‌ಗಳಲ್ಲಿ ಇದು ರೂಢಿ; ಚೆಲ್ಲಿದ ಗ್ಲೈಕಾಲ್ ರಸ್ತೆಯನ್ನು ಜಾರುವಂತೆ ಮಾಡಿ ಹಿಂದಿನ ಸವಾರರನ್ನು ಬೀಳಿಸುವುದರಿಂದ ಅನೇಕ ಟ್ರ್ಯಾಕ್‌ಗಳಲ್ಲಿ ಗ್ಲೈಕಾಲ್ ನಿಷಿದ್ಧ. ಶಾಖ ಸಾಗಿಸುವಲ್ಲಿ ಇದಕ್ಕೆ ಮೊದಲ ಸ್ಥಾನ, ಕ್ಯಾಪ್ ಸರಿಯಿದ್ದರೆ 120 ಡಿಗ್ರಿಯವರೆಗೆ ಕುದಿಯುವ ಭಯವೂ ಇಲ್ಲ. ದೌರ್ಬಲ್ಯವಿರುವುದು ತುಕ್ಕಿನ ರಕ್ಷಣೆಯಲ್ಲಿ: ಸಹಾಯಕ ದ್ರವದ ರಕ್ಷಣೆ ಸೀಮಿತ, ಆಗಾಗ ಬದಲಾಯಿಸಬೇಕು, ಮತ್ತು ಹೆಪ್ಪುಗಟ್ಟುವ ಚಳಿಯಲ್ಲಿ ಎಂಜಿನ್ ಸೀಳಬಹುದು. ದಿನನಿತ್ಯದ ಬೈಕಿಗೆ ಇದು ಹೊಂದುವುದಿಲ್ಲ.

ಇಷ್ಟನ್ನೂ ತೂಗಿ ನೋಡಿದಾಗ, ರಸ್ತೆಯ ಮೇಲೆ ಬಿಸಿಲಿನಲ್ಲಿ ಓಡುವ ಬೈಕಿಗೆ ನಾನು ಆರಿಸುವುದು ಕೈಪಿಡಿಯ ಗುಣವಿವರಕ್ಕೆ ಹೊಂದುವ ಓಎಟಿ ಅಥವಾ ಹೈಬ್ರಿಡ್ ಕುಲದ ಸಾಂದ್ರ ದ್ರವ, ಬಟ್ಟಿ ಇಳಿಸಿದ ನೀರಿನೊಂದಿಗೆ ಶೇಕಡ 40ರಿಂದ 50ರ ಅಳತೆಯಲ್ಲಿ, ಎರಡು ಬಾರಿ ತೊಳೆದ ವ್ಯವಸ್ಥೆಯಲ್ಲಿ, ಒಳ್ಳೆಯ ಕ್ಯಾಪಿನ ಕೆಳಗೆ. ದುಬಾರಿ ದ್ರವಕ್ಕೂ ಹೊಸ ಕ್ಯಾಪಿಗೂ ನಡುವೆ ಒಂದನ್ನೇ ಕೊಳ್ಳುವಷ್ಟು ಹಣವಿದ್ದರೆ ಕ್ಯಾಪ್ ಕೊಳ್ಳಿ.

ಕೆಲಸದ ಕ್ರಮ

ಮನೆಯಲ್ಲಿ ಮಾಡಬೇಕೋ ವರ್ಕ್‌ಶಾಪಿಗೆ ಕೊಡಬೇಕೋ ಎಂಬುದು ಬೈಕಿನ ರಚನೆಯನ್ನು ಅವಲಂಬಿಸಿದೆ. ಡ್ರೈನ್ ಬೋಲ್ಟ್ ಮತ್ತು ಕ್ಯಾಪ್ ಎರಡೂ ಸುಲಭವಾಗಿ ಕೈಗೆ ಸಿಗುವ ಬೈಕಿನಲ್ಲಿ ಇದು ತಾಳ್ಮೆಯುಳ್ಳ ಯಾರೂ ಮಾಡಬಹುದಾದ ಕೆಲಸ. ಟ್ಯಾಂಕ್, ಫೇರಿಂಗ್ ಬಿಚ್ಚಬೇಕಾದ, ಗಾಳಿ ಹೊರಹಾಕಲು ವಿಶೇಷ ಕ್ರಮವಿರುವ ಬೈಕುಗಳನ್ನು ವರ್ಕ್‌ಶಾಪಿಗೆ ಕೊಡುವುದೇ ವಾಸಿ, ಆದರೆ ಅಲ್ಲಿ ಬಳಸುವ ನೀರು ಯಾವುದು ಎಂದು ಕೇಳಿ, ಕೂಲೆಂಟ್ ಡಬ್ಬಿಯನ್ನು ನಿಮ್ಮೆದುರೇ ತೆರೆಯಲು ಹೇಳಿ.

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿಯಿರುವಾಗ ಕ್ಯಾಪ್ ತೆರೆದರೆ ಒತ್ತಡ ಬಿಡುಗಡೆಯಾಗಿ ದ್ರವ ಕ್ಷಣಾರ್ಧದಲ್ಲಿ ಕುದಿದು ಮುಖಕ್ಕೆ ಚಿಮ್ಮುತ್ತದೆ. ಈ ಒಂದು ಮಾತಿನಲ್ಲಿ ಯಾವ ವಿನಾಯಿತಿಯೂ ಇಲ್ಲ. ಕೆಳಗೆ ಅಗಲವಾದ ಪಾತ್ರೆಯಿಟ್ಟು, ಸಾಮಾನ್ಯವಾಗಿ ವಾಟರ್ ಪಂಪಿನ ಕವರ್ ಮೇಲಿರುವ ಡ್ರೈನ್ ಬೋಲ್ಟ್ ತೆಗೆದು, ನಂತರ ಕ್ಯಾಪ್ ತೆರೆದರೆ ದ್ರವ ಸರಾಗವಾಗಿ ಇಳಿಯುತ್ತದೆ. ರಿಸರ್ವ್ ಟ್ಯಾಂಕನ್ನೂ ಬರಿದು ಮಾಡಿ ತೊಳೆಯಬೇಕು. ಅದರ ತಳದ ಕೆಸರು ಹಾಗೆಯೇ ಉಳಿದರೆ ಮೊದಲ ಸವಾರಿ ಮುಗಿದು ಎಂಜಿನ್ ತಣಿಯುವಾಗ ಹೊಸ ದ್ರವದೊಳಗೆ ಸೇರುತ್ತದೆ. ಬೋಲ್ಟಿಗೆ ಪ್ರತಿ ಸಲವೂ ಹೊಸ ವಾಷರ್ ಹಾಕಿ ಕೈಪಿಡಿ ಹೇಳಿದ ಟಾರ್ಕಿಗೆ ಬಿಗಿಯಬೇಕು, ಅಲ್ಯುಮಿನಿಯಂ ಎಳೆಗಳು ಹೆಚ್ಚು ಬಿಗಿತವನ್ನು ಸಹಿಸುವುದಿಲ್ಲ.

ತುಂಬುವಾಗ ನಿಧಾನವೇ ಮುಖ್ಯ. ಸಣ್ಣ ಧಾರೆಯಲ್ಲಿ ಸುರಿಯುತ್ತ, ಹೋಸ್‌ಗಳನ್ನು ಕೈಯಿಂದ ಹಿಸುಕುತ್ತ, ಬೈಕನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ವಾಲಿಸುತ್ತ ಹೋದರೆ ಸಿಕ್ಕಿಕೊಂಡ ಗಾಳಿ ಗುಳ್ಳೆಗಳಾಗಿ ಮೇಲೆ ಬರುತ್ತದೆ. ನಂತರ ಕ್ಯಾಪ್ ತೆರೆದಿಟ್ಟೇ ಎಂಜಿನ್ನನ್ನು ಕೆಲವು ನಿಮಿಷ ಐಡಲ್‌ನಲ್ಲಿ ಓಡಿಸಿ, ನಡುವೆ ಥ್ರಾಟಲನ್ನು ಸ್ವಲ್ಪ ತಿರುವಿ, ಮಟ್ಟ ಇಳಿದಂತೆ ಸೇರಿಸಿ, ದ್ರವ ಉಬ್ಬಿ ಹೊರಚೆಲ್ಲುವ ಮೊದಲೇ ಕ್ಯಾಪ್ ಮುಚ್ಚಬೇಕು. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇರುವ ಬೈಕಿನಲ್ಲಿ ಅದರಿಂದ ಗುಳ್ಳೆಯಿಲ್ಲದ ಧಾರೆ ಬರುವವರೆಗೂ ಕಾಯಬೇಕು. ಗಾಳಿ ಉಳಿದರೆ ಅಪಾಯ ಇಬ್ಬಗೆಯದು: ಹೆಡ್ಡಿನ ಆ ಭಾಗಕ್ಕೆ ದ್ರವ ತಗುಲುವುದಿಲ್ಲ, ಮತ್ತು ಉಷ್ಣತೆಯ ಸೆನ್ಸರ್ ಗಾಳಿಗುಳ್ಳೆಯೊಳಗೆ ಸಿಕ್ಕರೆ ಮೀಟರ್ ನಿಜವಾದ ಬಿಸಿಯನ್ನು ತೋರಿಸುವುದೇ ಇಲ್ಲ. ಕ್ಯಾಪ್ ಮುಚ್ಚಿದ ಮೇಲೆ ಫ್ಯಾನ್ ಒಮ್ಮೆ ತಾನಾಗಿ ಓಡಿ ನಿಲ್ಲುವವರೆಗೆ ಎಂಜಿನ್ ಓಡಿಸಿದರೆ ಫ್ಯಾನಿನ ಪರೀಕ್ಷೆಯೂ ಆದಂತಾಗುತ್ತದೆ. ಇದೇ ದಿನ ರೇಡಿಯೇಟರಿನ ಹೊರಮೈಯನ್ನು ಹಿಂಬದಿಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಿಂದ ತೊಳೆಯಿರಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ತೆಳುವಾದ ರೆಕ್ಕೆಗಳು ಮಡಚಿ ಗಾಳಿಯ ದಾರಿ ಮುಚ್ಚುತ್ತದೆ.

ಬಸಿದ ದ್ರವವನ್ನು, ತೊಳೆದ ಮೊದಲ ಸುತ್ತುಗಳ ನೀರನ್ನೂ ಸೇರಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಟ್ಟು ಹಳೆಯ ಆಯಿಲ್ ಮತ್ತು ಕೂಲೆಂಟ್ ಪಡೆದುಕೊಳ್ಳುವ ವರ್ಕ್‌ಶಾಪಿಗೆ ಅಥವಾ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಬೇಕು. ಮಣ್ಣಿಗೆ, ಮಳೆನೀರಿನ ಚರಂಡಿಗೆ ಸುರಿಯಬಾರದು. ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ಒರೆಸಿ ಧಾರಾಳ ನೀರಿನಿಂದ ತೊಳೆಯಬೇಕು, ಟೈರಿಗೆ ತಗುಲಿದ್ದರೆ ಅದನ್ನೂ.

ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಕ್ಯಾಪ್ ತೆರೆದು ರೇಡಿಯೇಟರಿನ ಬಾಯಿಯವರೆಗೆ ದ್ರವವಿದೆಯೇ ಎಂದು ನೋಡಿ, ನಂತರ ರಿಸರ್ವ್ ಟ್ಯಾಂಕಿನ ಮಟ್ಟ ನೋಡಿ. ಉಳಿದಿದ್ದ ಗಾಳಿ ಹೊರಹೋಗುವುದರಿಂದ ಮೊದಲ ಒಂದೆರಡು ಸವಾರಿಗಳಲ್ಲಿ ಮಟ್ಟ ಸ್ವಲ್ಪ ಇಳಿಯುವುದು ಸಹಜ. ಅದರ ನಂತರವೂ ಇಳಿಯುತ್ತಲೇ ಇದ್ದರೆ ದೂರದ ಪ್ರಯಾಣವನ್ನು ಮುಂದೂಡಿ ಮೂರು ಜಾಗಗಳನ್ನು ಪರೀಕ್ಷಿಸಬೇಕು: ಹೋಸ್ ಕ್ಲಿಪ್‌ಗಳ ಬುಡದಲ್ಲಿ ಒಣಗಿದ ಬಣ್ಣದ ಕಲೆ, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ತೊಟ್ಟಿಕ್ಕುವ ಹನಿ, ಮತ್ತು ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ನಿಲ್ಲದೆ ಬರುವ ಬಿಳಿಯ ಹೊಗೆ. ಮೊದಲನೆಯದು ಕ್ಲಿಪ್ ಬಿಗಿದರೆ ಅಥವಾ ಹೋಸ್ ಬದಲಾಯಿಸಿದರೆ ಮುಗಿಯುತ್ತದೆ. ಎರಡನೆಯದು ಪಂಪಿನ ಸೀಲ್ ಸವೆದಿದೆ ಎನ್ನುತ್ತದೆ, ಮತ್ತು ಆ ರಂಧ್ರವನ್ನು ಎಂದಿಗೂ ಮುಚ್ಚಬಾರದು, ಏಕೆಂದರೆ ಮುಚ್ಚಿದರೆ ಕೂಲೆಂಟ್ ಹೊರಗೆ ಹೋಗುವ ಬದಲು ಬೇರಿಂಗ್ ಮತ್ತು ಎಂಜಿನ್ ಆಯಿಲ್ ಇರುವ ಕಡೆಗೆ ದಾರಿ ಹುಡುಕುತ್ತದೆ. ಮೂರನೆಯದು ಕಂಡರೆ ಬೈಕನ್ನು ಓಡಿಸದೆ ಮೆಕ್ಯಾನಿಕ್ ಹತ್ತಿರ ಸಾಗಿಸಿ.